ಸಹಾಯ ಬೇಕು: ಪದ್ಮಿನಿ ಬಂಪರ್‌ನ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಅಪ್ಪನ ಕಾಲದ 1986ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಇಂಜಿನ್ ಚೆನ್ನಾಗಿದೆ. ತಲೆನೋವು ಹಿಂದಿನ ಬಂಪರ್‌ದು. ಅದರ ಮೇಲೆ ನೆಟ್ಟಗೆ ನಿಂತಿರುತ್ತವಲ್ಲ, ಕ್ರೋಮ್ ಓವರ್‌ರೈಡರ್‌ಗಳು, ಅವುಗಳ ಬೋಲ್ಟು ನಟ್ಟು ತುಕ್ಕು ಹಿಡಿದು ಒಂದೇ ಆಗಿಬಿಟ್ಟಿವೆ. ಬಂಪರ್‌ಗೆ ಹೊಸದಾಗಿ ಕ್ರೋಮ್ ಹಾಕಿಸಬೇಕು. ಓವರ್‌ರೈಡರ್ ಬಿಚ್ಚದೆ ಕೊಟ್ಟರೆ ಅದರ ಅಡಿಯಲ್ಲಿ ಪ್ಲೇಟಿಂಗ್ ಸರಿಯಾಗಿ ಕೂರುವುದಿಲ್ಲ, ಮಳೆಗಾಲದಲ್ಲಿ ಅಲ್ಲಿಂದಲೇ ಮತ್ತೆ ತುಕ್ಕು ಶುರು.

ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟಿದ್ದೆ. ಎಡಗಡೆಯದು ಸ್ವಲ್ಪ ಅಲುಗಾಡಿತು. ಬಲಗಡೆ ನಟ್ಟಿನ ಮೂಲೆಗಳನ್ನು ತುಕ್ಕೇ ತಿಂದಿದೆ, ಸ್ಪ್ಯಾನರ್ ಹಿಡಿಯುವುದೇ ಇಲ್ಲ. ಗ್ಯಾರೇಜಿನವರು ಗ್ಯಾಸ್ ಹಚ್ಚಿ ಕಾಯಿಸೋಣ ಅಂದರು. ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದೆಯೇ ಅಲ್ವಾ, ಬೇಡ ಅಂದೆ. ಗ್ರೈಂಡರ್ ಕಿಡಿಗೂ ಅದೇ ಭಯ.

ಈಗ ನನ್ನ ಯೋಚನೆ: ಬಂಪರನ್ನು ಬ್ರಾಕೆಟ್ ಸಮೇತ ಕಾರಿನಿಂದ ಇಳಿಸಿ, ದೂರ ಇಟ್ಟುಕೊಂಡು ನಟ್ ಕತ್ತರಿಸುವುದು. ಬೋಲ್ಟ್ ಹಾಳಾದರೆ ಹೊಸದು ಸಿಗುತ್ತದೆ, ಓವರ್‌ರೈಡರ್ ಸೊಟ್ಟಗಾದರೆ ಕಷ್ಟ. ಇದಕ್ಕೆ ನಟ್ ಸ್ಪ್ಲಿಟರ್ (ನಟ್ಟನ್ನು ಸೀಳುವ ಸಾಧನ) ಬಳಸಿದವರಿದ್ದೀರಾ? ಒಳಗಿನ ಇಕ್ಕಟ್ಟು ಜಾಗದಲ್ಲಿ ಅದು ಹಿಡಿಯುತ್ತದಾ, ಇಲ್ಲ ಹ್ಯಾಕ್ಸಾ ಬ್ಲೇಡೇ ಗತಿಯಾ? ಬ್ರಾಕೆಟ್ ಬೋಲ್ಟುಗಳೂ ಬಿಗಿಯಾಗಿವೆ, ಅವನ್ನು ಯಾವ ಕಡೆಯಿಂದ ಶುರು ಮಾಡಿದರೆ ಒಳ್ಳೆಯದು?

ಬೆಂಗಳೂರಿನ ಜೆ.ಸಿ. ರಸ್ತೆ ಅಥವಾ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಓವರ್‌ರೈಡರ್ ಕಂಡವರಿದ್ದರೆ ಅದನ್ನೂ ತಿಳಿಸಿ.