ಸಹಾಯ ಬೇಕು: ಬೇಸಿಗೆ ರಜೆಯ ಓದಿಗೆ ಇನ್ನೂ ಮೂರು ಪುಸ್ತಕ

ಎಲ್ಲರಿಗೂ ನಮಸ್ಕಾರ. ಈ ರಜೆಯಲ್ಲಿ ನಾನು, ನನ್ನ 13 ವರ್ಷದ ಮಗಳು ಸೇರಿ ಎಂಟು ಬಗೆಯ ಕನ್ನಡ ಪುಸ್ತಕ ಓದಬೇಕು ಅಂತ ಹಟ ತೊಟ್ಟಿದ್ದೇವೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪಟ್ಟಿ ಬರೆದು ಫ್ರಿಜ್‌ಗೆ ಅಂಟಿಸಿದ್ದೇವೆ. ಐದು ಮುಗಿದಿವೆ.

ಕಾದಂಬರಿಗೆ ತೇಜಸ್ವಿಯವರ 'ಕರ್ವಾಲೊ' ಓದಿದೆವು. ಹಾರುವ ಓತಿ ನಿಜವಾಗ್ಲೂ ಇದೆಯಾ ಅಂತ ಅವಳು ಎರಡು ದಿನ ಕೇಳುತ್ತಲೇ ಇದ್ದಳು. ಪಶ್ಚಿಮ ಘಟ್ಟದಲ್ಲಿ ಇದೆ ಅಂತ ಫೋಟೊ ತೋರಿಸಿದಾಗ ಅವಳ ಮುಖ ನೋಡಬೇಕಿತ್ತು! ನಾಟಕಕ್ಕೆ ಕುವೆಂಪು ಅವರ 'ಜಲಗಾರ'. ಪಾತ್ರ ಹಂಚಿಕೊಂಡು ಜೋರಾಗಿ ಓದಿದೆವು. ಅಡುಗೆಮನೆಯಿಂದ ಅಜ್ಜಿಯೂ ಬಂದು ಕೂತರು. ನಾಟಕವನ್ನು ಹಾಗೇ ಓದಬೇಕು, ಅಲ್ವಾ? ಪ್ರವಾಸಕಥನ, ಕವಿತೆ, ಸಣ್ಣಕತೆಗಳೂ ಆದವು.

ಬಾಕಿ ಇರುವುದು ವಿಜ್ಞಾನ, ಹೆಣ್ಣುಮಗಳೊಬ್ಬರ ಆತ್ಮಕಥೆ ಮತ್ತು ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಪುಸ್ತಕ. ಅನುವಾದದಲ್ಲಿ 'ತೊತ್ತೋಚಾನ್' ಹೋದ ವರ್ಷವೇ ಓದಿದ್ದಾಳೆ, ಅದು ಬೇಡ. ಆತ್ಮಕಥೆಯೇ ಕಷ್ಟ ಆಗಿದೆ. ದೊಡ್ಡವರಿಗೆ ಬರೆದಿದ್ದರೂ ಪರವಾಗಿಲ್ಲ, ಈ ವಯಸ್ಸಿಗೆ ತೀರಾ ಭಾರ ಆಗಬಾರದು. ವಿಜ್ಞಾನಕ್ಕೆ ಪಾಠದ ಥರ ಇರುವುದು ಬೇಡ. ಹಕ್ಕಿ, ಹುಳು, ನಕ್ಷತ್ರ, ಯಾವುದಾದರೂ ಸರಿ.

ಒಂದೊಂದೂ 200 ಪುಟದೊಳಗೆ ಇದ್ದರೆ ಒಳ್ಳೆಯದು. ಮೇ ಕೊನೆಗೆ ಶಾಲೆ ಶುರು. ನಿಮ್ಮ ಮನೆಯ ಮಕ್ಕಳು ಇಷ್ಟಪಟ್ಟು ಓದಿದ ಪುಸ್ತಕದ ಹೆಸರು, ಎಲ್ಲಿ ಸಿಗುತ್ತದೆ ಅಂತ ದಯವಿಟ್ಟು ತಿಳಿಸಿ.