‘ಓಪನಿಂಗ್ ಆಕ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರಾಕ್ ಸಂಗೀತದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಾ ಕೂತಿದ್ದೇನೆ. ಎರಡನೇ ಪುಟದಲ್ಲೇ ಗಾಡಿ ಹೂತಿದೆ. ಹೂತ ವಾಕ್ಯ ಇಷ್ಟೇ: 1967ರ ಜುಲೈನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅಮೆರಿಕದಲ್ಲಿ ‘ದಿ ಮಂಕೀಸ್’ ಎಂಬ ಪಾಪ್ ತಂಡಕ್ಕೆ ಓಪನಿಂಗ್ ಆಕ್ಟ್ ಆಗಿದ್ದ. ಅಂದರೆ, ಜನ ಯಾರಿಗಾಗಿ ಬಂದಿದ್ದಾರೋ ಅವರು ವೇದಿಕೆ ಹತ್ತುವ ಮುಂಚೆ ಸ್ವಲ್ಪ ಹೊತ್ತು ಹಾಡಿ ನುಡಿಸುವ ಬೇರೆ ಕಲಾವಿದ.

ಯಂತ್ರಾನುವಾದಕ್ಕೆ ಕೊಟ್ಟರೆ ‘ಆರಂಭಿಕ ಕಾಯ್ದೆ’ ಅಂದಿತು, ಹೆಂಡ್ರಿಕ್ಸ್ ವಿಧಾನಸೌಧದಲ್ಲಿ ಪಾಸಾಗಿ ಬಂದವನ ಹಾಗೆ. ಕಾಯ್ದೆ ಬಿಟ್ಟು ‘ಆರಂಭಿಕ’ ಉಳಿಸಿಕೊಳ್ಳೋಣವೆಂದರೆ ಅದನ್ನು ಕ್ರಿಕೆಟ್ಟಿನವರು ಆಗಲೇ ಕೊಂಡೊಯ್ದಿದ್ದಾರೆ. ಆರಂಭಿಕ ಆಟಗಾರ ಅಂದರೆ ಸುನಿಲ್ ಗಾವಸ್ಕರ್. ಅವರ ಆಟ ನೋಡಲೆಂದೇ ಜನ ಟಿಕೆಟ್ ತೆಗೆಯುತ್ತಿದ್ದರು. ಇಲ್ಲಿ ಹಾಗಲ್ಲ, ಬಂದವರಲ್ಲಿ ಯಾರೂ ಇವನಿಗಾಗಿ ಬಂದವರಲ್ಲ. ಹೆಂಡ್ರಿಕ್ಸ್ ಗಿಟಾರ್ ನುಡಿಸುತ್ತಿದ್ದರೆ ಎದುರಿನ ಹುಡುಗಿಯರು ಮಂಕೀಸ್‌ನ ಡೇವಿ ಜೋನ್ಸ್ ಹೆಸರು ಕೂಗುತ್ತಿದ್ದರು. ಕೆಲವೇ ದಿನಗಳಲ್ಲಿ ಅವನು ಆ ಪ್ರವಾಸದಿಂದ ಕಳಚಿಕೊಂಡ. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಮುಂಚೆ ಹಾಡಿದ ಗಾಯಕ ಪ್ರಿನ್ಸ್ ಮೇಲಂತೂ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಕರೆಯದೆ ಬಂದ ನೆಂಟನ ಈ ಪಾಡು ಪದದೊಳಗೆ ಇರಬೇಕು ಅನ್ನುವುದು ನನ್ನ ಹಟ.

ನನ್ನ ಹೆಂಡತಿಯ ತವರು ಪುತ್ತೂರು. ಕೇಳಿದ್ದೇ ತಡ, ‘ಪೂರ್ವರಂಗ’ ಅಂದಳು. ನಾಟ್ಯಶಾಸ್ತ್ರದ ಐದನೇ ಅಧ್ಯಾಯವೇ ಅದರ ಮೇಲಿದೆ, ಹಳೆಯ ಘನವಾದ ಮಾತು. ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಕುಣಿದಾದ ಮೇಲೆ ತಾನೇ ಪ್ರಸಂಗ? ಹೊಸ ಹುಡುಗರು ಹೆಜ್ಜೆ ಪಳಗಿಸಿಕೊಳ್ಳುವುದೂ ಆಗಲೇ, ಜನ ಚರುಮುರಿ ಪೊಟ್ಟಣ ಹಿಡಿದು ನಿಧಾನಕ್ಕೆ ಬರುವುದೂ ಆಗಲೇ. ಬಹಳ ಹತ್ತಿರ ಬಂತು. ಆದರೆ ಪೂರ್ವರಂಗದವರು ಅದೇ ಮೇಳದವರು, ಹೆಂಡ್ರಿಕ್ಸ್ ಬೇರೆ ಮೇಳದವನು. ಅಲ್ಲದೆ ಅದು ಆಟದ ಒಂದು ಭಾಗದ ಹೆಸರು, ಆಡುವವನ ಹೆಸರಲ್ಲ. ‘ಹೆಂಡ್ರಿಕ್ಸ್ ಮಂಕೀಸ್‌ಗೆ ಪೂರ್ವರಂಗ ಆಗಿದ್ದ’ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆಡುವವನಿಗೆ ಹೆಸರೇನೋ ಇದೆ, ಕೋಡಂಗಿ. ಅದನ್ನು ನಮ್ಮ ಮೈಸೂರು ಸೀಮೆಯಲ್ಲಿ ಅಂದು ನೋಡಿ! ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.’

ನಾನೇ ಒಂದು ಹೊಸೆದೆ: ಮುಂಗಚೇರಿ. ಮುಂಗೈ, ಮುಂಗುರುಳು, ಮುಂಗೋಪಗಳ ಹಾಗೆ ಕಕಾರಕ್ಕೆ ಗಕಾರ ಬಂದಿದೆ, ವ್ಯಾಕರಣದ ತಕರಾರಿಲ್ಲ. ಮಂಡ್ಯದ ಗೆಳೆಯನಿಗೆ ಫೋನಿನಲ್ಲಿ ಹೇಳಿದರೆ, ‘ತಾಲ್ಲೂಕು ಆಫೀಸಲ್ಲಿ ಅರ್ಜಿ ಇಸ್ಕೊಳ್ಳೋ ರೂಮಾ?’ ಅಂದ. ಅಲ್ಲಿಗೆ ಅದರ ಕಥೆ ಮುಗಿಯಿತು.

ಕೊನೆಗೆ ಯುವ ದಸರಾ ನೆನಪಾಯಿತು. ಅಲ್ಲಿ ಕಾಲೇಜು ಹುಡುಗ ಹುಡುಗಿಯರ ಕುಣಿತ ಮೊದಲು, ಹೆಸರಾಂತ ಸಿನಿಮಾ ಗಾಯಕರು ಆಮೇಲೆ. ಮೊದಲು ಬರುವವರನ್ನು ನೀವು ನೀವು ಏನಂತ ಕರೀತೀರಿ ಎಂದು ಮೈಕ್‌ಸೆಟ್‌ನವರೊಬ್ಬರನ್ನು ಕೇಳಿದೆ. ‘ಅವ್ರಾ ಸಾ? ಜನ ಸೇರೋಗಂಟ ಇರೋರು.’ ಇದಕ್ಕಿಂತ ಚೊಕ್ಕ ಅರ್ಥವಿವರಣೆ ಯಾವ ನಿಘಂಟಿನಲ್ಲೂ ಸಿಗದು. ಪದವೊಂದು ಸಿಗಲಿಲ್ಲ, ಅಷ್ಟೇ.

ಈಗ ನನ್ನ ಕೈಯಲ್ಲಿ ಉಳಿದಿರುವುದು ‘ಮುಂಗೋಳಿ’. ಬೆಳಕು ಹರಿಯುವ ಮುಂಚೆ, ಊರಿನ್ನೂ ಮುಸುಕು ಹೊದ್ದಿರುವಾಗ ಕೂಗುವ ಕೋಳಿ. ‘ಹೆಂಡ್ರಿಕ್ಸ್ ಮಂಕೀಸ್‌ಗೆ ಮುಂಗೋಳಿಯಾಗಿದ್ದ’: ವಾಕ್ಯ ನಿಲ್ಲುತ್ತದೆ, ಏಳದವರ ಮುಂದೆ ಕೂಗಿದ ಅರ್ಥವೂ ಬರುತ್ತದೆ. ಅನುಮಾನ ಒಂದೇ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡಕ್ಕೆ ಮುಂಚೆ ದೆಹಲಿಯ ರಾಕ್ ತಂಡ ‘ಪರಿಕ್ರಮ’ ನುಡಿಸಿತ್ತು. ಅವರನ್ನೂ ಮುಂಗೋಳಿ ಅಂದರೆ ಹಗುರಾಗುತ್ತದೆಯೇ? ಮಂಡ್ಯ ಕಡೆ ರಾತ್ರಿಯಿಡೀ ಪೌರಾಣಿಕ ನಾಟಕ ಆಡಿಸುವವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.