ಅಪ್‌ಡೇಟ್: ಡ್ರೈವರ್ ಒಳಗಿನ ಮಲ್ಟಿಪಾತೇ ಸಾಕು
ಎರಡು ದಾರಿ ಇರುವ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿಗಳ ಪ್ರೋಟೋಕಾಲ್) ಸ್ಟೋರೇಜ್‌ಗೆ ಡಿಎಂ-ಮಲ್ಟಿಪಾತ್ (ಹಲವು ದಾರಿಗಳನ್ನು ಒಂದಾಗಿಸುವ ಪ್ರತ್ಯೇಕ ಲಿನಕ್ಸ್ ವ್ಯವಸ್ಥೆ) ಬೇಕೋ, ಲಿನಕ್ಸ್ ಡ್ರೈವರ್‌ನಲ್ಲೇ ಇರುವ ಮಲ್ಟಿಪಾತ್ ಸಾಕೋ ಅಂತ ಕೇಳಿದ್ದೆ. ಡ್ರೈವರ್‌ನದ್ದನ್ನೇ ಆರಿಸಿಕೊಂಡೆ.

ಇದು ಕರ್ನಲ್ 4.15ರಿಂದ ಇದೆ. ಆನ್ ಮಾಡಿದರೆ ಎರಡೂ ದಾರಿ ಸೇರಿ ಒಂದೇ ಡಿಸ್ಕ್ ಕಾಣುತ್ತದೆ. ಬೇರೆ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬೇಡ, ಅದೇ ದೊಡ್ಡ ನೆಮ್ಮದಿ. ಯಾವ ದಾರಿ ಚೆನ್ನಾಗಿದೆ ಅಂತ ಸ್ಟೋರೇಜೇ ಎಎನ್‌ಎ (ದಾರಿಗಳ ಸ್ಥಿತಿ ತಿಳಿಸುವ ಎನ್‌ವಿಎಂಇ ಸೌಲಭ್ಯ) ಮೂಲಕ ಹೇಳುತ್ತದೆ; ಅದಕ್ಕೆ ಕರ್ನಲ್ 4.19 ಬೇಕು.

ಓದು-ಬರಹ ನಡೆಯುತ್ತಿರುವಾಗಲೇ ಒಂದು ಕೇಬಲ್ ಕಿತ್ತೆ. ಸ್ವಲ್ಪ ತಡೆದು ಇನ್ನೊಂದು ದಾರಿ ಹಿಡಿಯಿತು, ಫೈಲ್‌ಸಿಸ್ಟಂಗೆ ಗೊತ್ತೇ ಆಗಲಿಲ್ಲ!

ಆದರೆ ಸುಮ್ನೆ ಬಿಟ್ಟರೆ ಲೋಡ್ ಹಂಚುವುದಿಲ್ಲ. ಡೀಫಾಲ್ಟ್ ಐಒ ಪಾಲಿಸಿ (ಯಾವ ದಾರಿ ಬಳಸಬೇಕು ಅನ್ನುವ ನಿಯಮ) ನ್ಯೂಮಾ, ಅದು ಸಿಪಿಯುಗೆ ಹತ್ತಿರದ ದಾರಿಯನ್ನೇ ಬಳಸುತ್ತದೆ. ಸರದಿಯಂತೆ ದಾರಿಗಳನ್ನು ಬಳಸುವ ರೌಂಡ್-ರಾಬಿನ್‌ಗೆ ಬದಲಾಯಿಸಿದೆ. ದಾರಿಗಳ ವೇಗ ಬೇರೆ ಬೇರೆ ಇದ್ದರೆ ಕರ್ನಲ್ 6.11ರಲ್ಲಿ ಬಂದ ಕ್ಯೂ-ಡೆಪ್ತ್ (ಕಡಿಮೆ ಕೆಲಸ ಬಾಕಿ ಇರುವ ದಾರಿ ಆರಿಸುವ ಪಾಲಿಸಿ) ಒಳ್ಳೆಯದು. ಎಸ್‌ಸಿಎಸ್‌ಐ (ಹಳೆಯ ಡಿಸ್ಕ್ ಪ್ರೋಟೋಕಾಲ್) ಡಿಸ್ಕ್‌ಗಳಿಗೆ ಡಿಎಂ-ಮಲ್ಟಿಪಾತ್ ಹಾಗೇ ಇದೆ.